ಕೈ ಬೀಸುವವರ ಮುಷ್ಕರ

ನಮ್ಮ ಊರಿನಿಂದ ರೈಲು ಹೊರಡಬೇಕಾದರೆ ಪ್ಲಾಟ್‌ಫಾರಂ ಮೇಲೆ ಯಾರಾದರೂ ಒಬ್ಬರು ನಿಂತು ಕೈ ಬೀಸಬೇಕು. ನೊಣ ಓಡಿಸುವ ಹಾಗೆ ಸುಮ್ಮನೆ ಬೀಸಿದರೆ ಅದು ಅಲುಗುವುದಿಲ್ಲ. ಹೋಗುವವರನ್ನು ನೋಡಿ ಬೀಸುವವರ ಹೊಟ್ಟೆಯಲ್ಲಿ ಚುರ್ ಅನ್ನಬೇಕು. ಹಸಿರು ದೀಪ ಬಿದ್ದಿರಲಿ, ಗಾರ್ಡು ಸೀಟಿ ಊದಲಿ, ಡ್ರೈವರು ಎಂಜಿನ್ನಿಗೆ ಕೈ ಮುಗಿಯಲಿ, ಆ ಸಂಕಟವಿಲ್ಲದಿದ್ದರೆ ಗಾಡಿ ನಿಂತಲ್ಲೇ ನಿಂತಿರುತ್ತದೆ. ಬೇರೆ ಊರಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ. ನಿಮ್ಮ ಊರಲ್ಲಿ ರೈಲು ಹೊತ್ತಿಗೆ ಸರಿಯಾಗಿ ಬರುತ್ತದೆಯೇ ಎಂದು ನಾನು ಕೇಳುತ್ತೇನೆ. ಅಲ್ಲಿಗೆ ಅವರ ನಗು ನಿಲ್ಲುತ್ತದೆ.

ಬಾಣಂತನ ಮುಗಿಸಿಕೊಂಡು ಗಂಡನ ಮನೆಗೆ ಹೊರಟ ಹುಡುಗಿಯರಿದ್ದ ಗಾಡಿಗೆ ಯಾವ ತೊಂದರೆಯೂ ಇಲ್ಲ. ಅಂಥ ದಿನ ಅದು ಹೊತ್ತಿಗಿಂತ ಮುಂಚೆಯೇ ಹೊರಟು, ನೀರಿನ ಬಾಟಲಿ ತರಲು ಇಳಿದ ಅಳಿಯಂದಿರನ್ನು ಬಿಟ್ಟುಹೋಗಿದ್ದೂ ಉಂಟು. ತೊಂದರೆಯೆಲ್ಲ ಕಳಿಸಲು ಯಾರೂ ಇಲ್ಲದವರದು. ಗಾರೆ ಕೆಲಸ ಹುಡುಕಿಕೊಂಡು ಹೋಗುವವರು, ದೊಡ್ಡಾಸ್ಪತ್ರೆಗೆ ಒಬ್ಬರೇ ಹೊರಟ ಮುದುಕಿಯರು, ಊರಿಂದೂರಿಗೆ ಪಿನ್ನು, ಬಾಚಣಿಗೆ ಮಾರಿಕೊಂಡು ತಿರುಗುವವರು. ಇವರಿಗೋಸ್ಕರ ರೈಲ್ವೆಯಲ್ಲಿ ಒಂದು ನೌಕರಿಯಿತ್ತು. ಆ ನೌಕರಿಯಲ್ಲಿದ್ದವಳು ಹಾಲಮ್ಮ.

ಹಾಲಮ್ಮ ಗಾಡಿ ಹೊರಡುವ ಮುಂಚೆ ಒಂದೊಂದೇ ಕಿಟಕಿಯ ಹತ್ತಿರ ಹೋಗಿ ಮಾತಾಡಿಸುತ್ತಿದ್ದಳು. "ಊಟ ಆಯ್ತಾ? ಯಾವ ಕಡೆಗೆ? ಅಲ್ಲಿ ಯಾರಿದಾರೆ? ಚೀಲ ಕಾಲ ಸಂದೀಲಿ ಇಟ್ಕೊಳ್ಳಿ, ಕಾಲ ಕೆಟ್ಟೋಗಿದೆ." ಇಷ್ಟರಲ್ಲೇ ಅವಳಿಗೆ ಅವರ ಮೇಲೆ ಅಕ್ಕರೆ ಹುಟ್ಟಿಬಿಡುತ್ತಿತ್ತು. ಕೈ ಎತ್ತುವ ಹೊತ್ತಿಗೆ ಕಣ್ಣು ಒದ್ದೆಯಾಗಿರುತ್ತಿತ್ತು. ಗೂಡ್ಸು ಗಾಡಿಯನ್ನೂ ಅವಳು ಹೀಗೆಯೇ ಕಳಿಸುತ್ತಿದ್ದಳು. ಸಿಮೆಂಟಿನ ಮೂಟೆಗಳನ್ನು ನೋಡಿ, "ಪಾಪ, ಎಲ್ಲಿಗೆ ಹೋಗಿ ಯಾರ ಮನೆ ಗೋಡೆ ಆಗ್ತಾವೋ" ಎಂದು ಸೆರಗಿನಿಂದ ಮೂಗು ಒರೆಸಿಕೊಳ್ಳುವವಳು ಅವಳು. ಹಿಂದಿನ ಡಬ್ಬಿ ಸಿಗ್ನಲ್ ಪಕ್ಕದ ಮಾವಿನ ಮರ ದಾಟುವವರೆಗೆ ಅವಳ ಕೈ ಇಳಿಯುತ್ತಿರಲಿಲ್ಲ. ಮೊದಲೇ ಇಳಿಸಿದರೆ ಗಾಡಿ ಅಲ್ಲೇ ನಿಲ್ಲುತ್ತದೆ.

ನಾನು ರುದ್ರಮುನಿ, ಹಳಿ ಬದಲಾಯಿಸುವ ಪಾಯಿಂಟ್ಸ್‌ಮನ್. ಅದರ ಜೊತೆಗೆ ನಮ್ಮ ನೌಕರರ ಸಂಘದ ಕಾರ್ಯದರ್ಶಿ. ಅಂದರೆ ಸಭೆಗೆ ಕುರ್ಚಿ ಹಾಕುವವನು, ಭಾಷಣ ಮಾಡುವವನು, ಆಮೇಲೆ ಕುರ್ಚಿ ಎತ್ತಿಡುವವನು. ನನ್ನ ಭಾಷಣವನ್ನು ಕೊನೆಯವರೆಗೆ ಕೇಳಿದವರು ಆ ಕುರ್ಚಿಗಳು ಮಾತ್ರ ಎಂದು ಹಾಲಮ್ಮ ಹೇಳುತ್ತಾಳೆ. ಅವಳ ಮಾತನ್ನು ಪೂರ್ತಿ ನಂಬಬೇಡಿ.

ನಮ್ಮ ರೈಲನ್ನು ಒಂದು ಕಂಪನಿಗೆ ಮಾರುತ್ತಾರೆ ಎಂಬ ಸುದ್ದಿ ಮೊದಲು ಬಂದಾಗ ನಾನು ನಂಬಲಿಲ್ಲ. ರೈಲೇನು ಎಮ್ಮೆಯೇ ಎಂದೆ. ಆಮೇಲೆ ಕಂಪನಿಯ ಮ್ಯಾನೇಜರು ನಿರಂಜನ ಸಾಹೇಬರು ಒಂದು ಸೂಟ್‌ಕೇಸ್ ಹಿಡಿದು ಬಂದಿಳಿದರು. ನಲವತ್ತರ ಆಸುಪಾಸಿನ ಮನುಷ್ಯ, ಇಸ್ತ್ರಿ ಮುರಿಯದ ಅಂಗಿ, ಹಿಂದೆ ಮುಂದೆ ಯಾರೂ ಇಲ್ಲ. ಮೆತ್ತನೆ ಸೀಟು, ತಣ್ಣನೆ ನೀರು, ಗೋಡೆಗೆ ಹೊಸ ಬಣ್ಣ ಎಂದೆಲ್ಲ ಆಸೆ ಹುಟ್ಟಿಸಿದರು. ಕೊನೆಯಲ್ಲಿ, ಕೈ ಬೀಸುವ ನೌಕರಿ ಇನ್ನು ಮುಂದೆ ಇರುವುದಿಲ್ಲ, ಪ್ರಯಾಣಿಕರನ್ನು ಅವರವರ ಮನೆಯವರೇ ಕಳಿಸಿಕೊಳ್ಳಲಿ ಎಂದರು.

"ಮನೆಯವರು ಇಲ್ಲದೋರು?" ಎಂದು ಹಾಲಮ್ಮ ಕೇಳಿದಳು.

"ಅಂಥೋರು ಎಷ್ಟು ಜನ ಇರ್ತಾರಮ್ಮ? ಆ ಗಾಡಿಗಳನ್ನ ನಿಲ್ಲಿಸಿಬಿಟ್ರಾಯ್ತು. ಹೆಂಗೂ ಲಾಭ ಇಲ್ಲ."

ಹಾಲಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮನ್ನ ಯಾರು ಕಳಿಸಿದ್ರು ಸಾಹೇಬ್ರೇ, ಇಲ್ಲಿಗೆ ಬರೋವಾಗ?"

"ನಾನು ಕಾರಲ್ಲಿ ಓಡಾಡೋನು. ಇಲ್ಲಿಗೆ ರಸ್ತೆ ಸರಿ ಇಲ್ಲ ಅಂತ ರೈಲಿಗೆ ಬಂದೆ" ಎಂದು ಅವರು ಮುಖ ತಿರುಗಿಸಿದರು. ಅದು ಅವಳು ಕೇಳಿದ್ದಕ್ಕೆ ಉತ್ತರವಾಗಿರಲಿಲ್ಲ.

ಸರ್ಕಾರ ಮಾತ್ರ ಒಂದು ಷರತ್ತು ಹಾಕಿತ್ತು. ಕೈ ಬೀಸುವವರಿಲ್ಲದೆ ನಮ್ಮ ಊರಿನಿಂದ ಒಂದೇ ಒಂದು ಗಾಡಿಯನ್ನು ಹೊರಡಿಸಿ ತೋರಿಸಿದರೆ ಸಾಕು, ರೈಲು ಕಂಪನಿಯದು. ಅಷ್ಟರಲ್ಲಿ ಇಂಥ ಕಂಪನಿಗಳು ನಮ್ಮಲ್ಲಿ ಮಾತ್ರವಲ್ಲ, ಸಮುದ್ರದಾಚೆಯ ದೇಶಗಳಲ್ಲೂ ರೈಲು ಕೊಳ್ಳಲು ಚೀಲ ಹಿಡಿದು ನಿಂತಿವೆ ಎಂದು ತಿಳಿಯಿತು. ಅಲ್ಲಿನ ಸಂಘಗಳ ಜೊತೆ ಮಾತಾಡಿ, ಎಲ್ಲ ದೇಶದ ರೈಲು ನೌಕರರ ಸಭೆಯನ್ನು ನಮ್ಮ ಊರಿನಲ್ಲೇ ಕರೆದೆವು. ನಾನು ಪಕ್ಕದ ಶಾಲೆಯಿಂದಲೂ ಕುರ್ಚಿ ಎರವಲು ತಂದೆ.

ಸಭೆಗೆ ಬಂದವರನ್ನು ನೋಡಬೇಕಿತ್ತು. ದ್ವೀಪದ ದೇಶದಿಂದ ಬಂದ ಗುಂಡನೆಯ ಡ್ರೈವರೊಬ್ಬ, ತನ್ನ ಗಾಡಿಗೆ ಸುರಂಗದ ಆಚೆ ಏನಿದೆ ಎಂದು ಮೊದಲೇ ಹೇಳದಿದ್ದರೆ ಅದು ಒಳಗೆ ನುಗ್ಗುವುದಿಲ್ಲ ಎಂದ. ಹಿಮದ ದೇಶದಿಂದ ಹೆಲ್ಗಾ ಎಂಬ ಉದ್ದನೆಯ ಹೆಂಗಸು ಬಂದಿದ್ದಳು. ಅವರ ಊರಿನ ರೈಲು ಹೊರಡಲು ತಕರಾರು ಮಾಡುವುದಿಲ್ಲವಂತೆ, ನಿಲ್ಲಲು ಮಾಡುತ್ತದಂತೆ. ಸ್ಟೇಷನ್ನಿನಲ್ಲಿ ಯಾರಾದರೂ ಮನಸ್ಸಿಟ್ಟು ಕಾಯುತ್ತಿದ್ದರೆ ಮಾತ್ರ ನಿಲ್ಲುತ್ತದೆ. ಯಾರೂ ಕಾಯದವರಿಗಾಗಿ ಕಾಯುವುದೇ ಹೆಲ್ಗಾಳ ನೌಕರಿ. ಅವರ ದೇಶದ ಅರ್ಧ ರೈಲನ್ನು ಆಗಲೇ ಮಾರಿಬಿಟ್ಟಿದ್ದರು. ಕಾಯುವವರನ್ನು ಮನೆಗೆ ಕಳಿಸಿದ ಮೇಲೆ ಆ ಭಾಗದಲ್ಲಿ ಗಾಡಿಗಳು ಒಂಟಿ ಜನರನ್ನು ಹೊತ್ತುಕೊಂಡು, ಅವರ ಊರುಗಳನ್ನು ದಾಟಿ ಹೋಗುತ್ತಲೇ ಇರುತ್ತವಂತೆ. ಅವಳು ಇದನ್ನು ಹೇಳಿದ್ದೇ ತಡ, ಹಾಲಮ್ಮ ಎದ್ದುಹೋಗಿ ಅವಳ ಪಕ್ಕದಲ್ಲಿ ಕುಳಿತಳು.

ಎಲ್ಲ ದೇಶದವರೂ ಒಂದೇ ದಿನ ಮುಷ್ಕರ ಹೂಡುವುದೆಂದು ಠರಾವಾಯಿತು. ಆದರೆ ಮುಷ್ಕರ ಎಂದರೆ ಏನು ಎಂಬುದರ ಮೇಲೆ ಅರ್ಧ ದಿನ ಜಗಳ. ನಮ್ಮಲ್ಲಿ ಮುಷ್ಕರವಾದರೆ ರೈಲು ನಿಲ್ಲುತ್ತದೆ. ಹೆಲ್ಗಾಳ ಊರಲ್ಲಿ ಮುಷ್ಕರವಾದರೆ ರೈಲು ನಿಲ್ಲುವುದೇ ಇಲ್ಲ. "ಎಲ್ಲರೂ ಚಕ್ರ ನಿಲ್ಲಿಸೋಣ" ಎಂಬ ನನ್ನ ಘೋಷಣೆಯನ್ನು ಅವಳ ಸಲುವಾಗಿ ಕೈಬಿಡಬೇಕಾಯಿತು. ಒಳ್ಳೆಯ ಘೋಷಣೆ, ಈಗಲೂ ಹೊಟ್ಟೆ ಉರಿಯುತ್ತದೆ.

ಮುಷ್ಕರ ಶುರುವಾಗುವ ದಿನ ಮಧ್ಯಾಹ್ನದೊಳಗೆ ಅತಿಥಿಗಳನ್ನೆಲ್ಲ ಕಳಿಸಿಬಿಡಬೇಕೆಂದು ನಾನೇ ಏರ್ಪಾಡು ಮಾಡಿದ್ದೆ. ಉಳಿದವರು ಹೊರಟರು. ಹೆಲ್ಗಾ ಮಾತ್ರ ಹಾಲಮ್ಮನ ಮನೆಯಲ್ಲಿ ಊಟಕ್ಕೆ ಕುಳಿತಿದ್ದಳು. ಹೋಳಿಗೆ ಸಾಕು ಎಂದು ಎಲೆಗೆ ಅಡ್ಡ ಕೈ ಹಿಡಿಯುವುದು ಆ ದೇಶದವರಿಗೆ ಗೊತ್ತಿಲ್ಲ. ಒತ್ತಾಯ ಮಾಡುವುದನ್ನು ನಿಲ್ಲಿಸುವುದು ನಮ್ಮ ಹಾಲಮ್ಮನಿಗೆ ಗೊತ್ತಿಲ್ಲ. "ಇನ್ನೊಂದೇ ಒಂದು, ನನ್ನಾಣೆ" ಎಂದು ಬಡಿಸುತ್ತ ಬಡಿಸುತ್ತ ಮಧ್ಯಾಹ್ನ ದಾಟಿತು, ಮುಷ್ಕರ ಶುರುವಾಯಿತು. ಹೆಲ್ಗಾ ಬಾಯಿ ತೊಳೆದುಕೊಂಡು ಸ್ಟೇಷನ್ನಿಗೆ ಓಡಿಬಂದಾಗ, ಅವಳ ಗಾಡಿಗೆ ಕೈ ಬೀಸಬೇಕಾದ ಹಾಲಮ್ಮ ಆಗಲೇ ಬಂದು ಬೆಂಚಿನ ಮೇಲೆ ಕೈ ಕಟ್ಟಿ ಕುಳಿತು ಮುಷ್ಕರ ಮಾಡುತ್ತಿದ್ದಳು. ಇಡೀ ಪ್ರಪಂಚದ ರೈಲು ನೌಕರರನ್ನು ಒಂದುಗೂಡಿಸಿದ ನಮ್ಮ ಸಂಘ, ಅವರಲ್ಲಿ ಒಬ್ಬಳನ್ನು ಹೋಳಿಗೆ ತಿನ್ನಿಸಿ ಊರಲ್ಲೇ ಸಿಕ್ಕಿಸಿಹಾಕಿತ್ತು.

ಹೀಗೆ ಹೆಲ್ಗಾ ಹಾಲಮ್ಮನ ಮನೆಯಲ್ಲೇ ಉಳಿದಳು. ಸಾರಿಗೆ ಉಪ್ಪು ನೋಡುವುದನ್ನು ಕಲಿತಳು, ನಲ್ಲಿಯ ಹತ್ತಿರ ಬಿಂದಿಗೆ ಇಟ್ಟು ಸರದಿ ಹಿಡಿಯುವುದನ್ನು ಕಲಿತಳು, "ಊಟ ಆಯ್ತಾ" ಕಲಿತ ಮೇಲಂತೂ ದಾರಿಯಲ್ಲಿ ಹೋಗುವ ಯಾರನ್ನೂ ಬಿಡಲಿಲ್ಲ. ಸಂಜೆ ಕಟ್ಟೆಯ ಮೇಲೆ ಕುಳಿತು, ಕೆಲಸದಿಂದ ಮನೆಗೆ ಬರುವವರಿಗಾಗಿ ಕಾಯುತ್ತಿದ್ದಳು. ಅದು ಅವಳ ಅಭ್ಯಾಸಬಲ. ಊರಿನ ಗಂಡಸರು ಅಂಗಡಿಬೀದಿಯಲ್ಲಿ ಸಮಯ ಕಳೆಯುವುದನ್ನು ಬಿಟ್ಟು ಹೊತ್ತಿಗೆ ಸರಿಯಾಗಿ ಮನೆ ಸೇರತೊಡಗಿದರು. ಯಾರೋ ಕಾಯುತ್ತಿದ್ದಾರೆ ಎಂದು ಕಾಲುಗಳು ತಾವಾಗಿ ಎಳೆಯುತ್ತಿದ್ದವು ಎನ್ನುತ್ತಿದ್ದರು. ನನ್ನ ಕಾಲುಗಳೂ ಎಳೆದವು, ಸುಳ್ಳು ಹೇಳುವುದಿಲ್ಲ.

ಈ ಕಡೆ ನಿರಂಜನ ಸಾಹೇಬರು ಕೈಕಟ್ಟಿ ಕೂರಲಿಲ್ಲ. ಒಂದು ಯಂತ್ರದ ಕೈ ತರಿಸಿ ಪ್ಲಾಟ್‌ಫಾರಂ ಮೇಲೆ ನಿಲ್ಲಿಸಿದರು. ಅದು ಹಗಲೆಲ್ಲ ಬೀಸಿತು, ಗಾಡಿ ಹಗಲೆಲ್ಲ ನಿಂತಿತು. ಆಮೇಲೆ ದಿನಗೂಲಿಯ ಹುಡುಗರನ್ನು ತಂದರು. ಅವರು ಒಂದು ಕೈಯಲ್ಲಿ ಫೋನು ನೋಡುತ್ತ ಇನ್ನೊಂದರಲ್ಲಿ ಬೀಸಿದರು. ಗಾಡಿ ಒಮ್ಮೆ ಸೀನಿದ ಹಾಗೆ ಮಾಡಿ ಸುಮ್ಮನಾಯಿತು. ಊರಿನ ಜನರೋ ಮುಷ್ಕರಕ್ಕೆ ಬೆಂಬಲವಾಗಿ ಸ್ಟೇಷನ್ನಿನ ಕಡೆ ತಲೆಯೇ ಹಾಕುತ್ತಿರಲಿಲ್ಲ. ಚಿಂತೆಗೋ ನಮ್ಮ ಊರಿನ ನೀರಿಗೋ ಸಾಹೇಬರ ಹೊಟ್ಟೆ ಕೆಟ್ಟಿತು. ಹಾಲಮ್ಮ ಪ್ರತಿದಿನ ಅವರಿಗೆ ಮೊಸರನ್ನ ಕಟ್ಟಿಕೊಂಡು ಹೋಗಿ ಕೊಡತೊಡಗಿದಳು.

"ಹಾಲಕ್ಕ, ಅವರು ನಮ್ಮ ಶತ್ರು" ಎಂದೆ ನಾನು.

"ಶತ್ರು ಆದ್ರೆ ಹೊಟ್ಟೆ ನೋಯಲ್ವಾ? ನೀನು ಭಾಷಣ ಮಾಡು ಹೋಗು ರುದ್ರಣ್ಣ."

ಕೊನೆಗೆ ಸಾಹೇಬರಿಗೆ ಒಂದು ಉಪಾಯ ಹೊಳೆಯಿತು. ಹೆಲ್ಗಾ ನಮ್ಮ ದೇಶದಲ್ಲಿ ಇರಬಹುದಾದ ಅವಧಿ ಮುಗಿಯುತ್ತ ಬಂದಿತ್ತು, ಅವಳು ಹೋಗಲೇಬೇಕಿತ್ತು. ಅವಳನ್ನು ಗಾಡಿಯಲ್ಲಿ ಕೂರಿಸುವುದು, ಅದೇ ಪರೀಕ್ಷೆಯ ಗಾಡಿ. ಸಂಬಳದ ಮೇಲಿರುವ ನೌಕರರು ಯಾರೂ ಕೈ ಬೀಸಕೂಡದು, ಮುಷ್ಕರದಲ್ಲಿದ್ದ ಹಾಲಮ್ಮ ಬೀಸಿದರೆ ಅದು ಮನೆಯವಳ ಕೈ ಎಂದೇ ಲೆಕ್ಕ. ಆದರೆ ಅಷ್ಟು ದಿನ ಉಂಡು ಉಟ್ಟು ಜೊತೆಗಿದ್ದವಳು ಹೊರಟರೆ ಊರಿನ ಯಾರದಾದರೂ ಕೈ ತಾನಾಗಿ ಎದ್ದೇಳುತ್ತದೆ. ಗಾಡಿ ಹೊರಡುತ್ತದೆ, ಮನೆಯವರೇ ಸಾಕು ಎಂದು ಸಾಬೀತಾಗುತ್ತದೆ, ರೈಲು ಕಂಪನಿಯ ಪಾಲಾಗುತ್ತದೆ. ಇದಕ್ಕೆ ಸಾಕ್ಷಿಯಾಗಿ ರಾಜಧಾನಿಯಿಂದ ಒಬ್ಬ ದೊಡ್ಡ ಅಧಿಕಾರಿ ಬರುವವರಿದ್ದರು. ನಮ್ಮ ಒಳ್ಳೆಯತನವನ್ನೇ ಹಗ್ಗ ಮಾಡಿ ನಮ್ಮ ಕುತ್ತಿಗೆಗೆ ಹಾಕುವ ಉಪಾಯ. ನನಗೆ ಕೇಳಿ ಮೈ ಉರಿಯಿತು, ಹೆದರಿಕೆಯೂ ಆಯಿತು.

ಸಭೆ ಕರೆದೆ. "ಆ ದಿನ ಯಾರೂ ಸ್ಟೇಷನ್ನಿಗೆ ಹೋಗಬೇಡಿ. ಅಲ್ಲಿಗೆ ಮುಗೀತು" ಎಂದೆ. ಸಭೆಯಲ್ಲಿ ಗದ್ದಲವೆದ್ದಿತು.

"ಮನೆಗೆ ಬಂದೋರನ್ನ ಕಳಿಸೋಕೆ ಹೋಗದೇ ಇರೋದಾ? ಏನ್ ಮಾತು ಆಡ್ತೀಯ ರುದ್ರಣ್ಣ!" ಎಂದಳು ಹಾಲಮ್ಮ. "ಹೋಗೋದು ಹೋಗೋದೇ. ಕೈ ಬೀಸದಿದ್ರಾಯ್ತು."

"ಹೊಟ್ಟೇಲಿ ಚುರ್ ಅಂದ್ರೆ ಕೈ ನಿಲ್ಲತ್ತಾ ಹಾಲಕ್ಕ?"

"ಚುರ್ ಅನ್ನದಿರೋ ಹಂಗೆ ಮಾಡ್ಕೋಬೇಕು. ಅವಳ ಜೊತೆ ಜಗಳ ಆಡಿಬಿಡೋಣ. ಸಿಟ್ಟಲ್ಲಿ ಕಳಿಸಿದ್ರೆ ಏನೂ ಆಗಲ್ಲ."

ಹೆಲ್ಗಾ ಕೂಡ ಒಪ್ಪಿದಳು. ಅವಳಿಗೂ ಇದು ಅವಳದೇ ಹೋರಾಟ. ಮರುದಿನದಿಂದ ಊರಿಗೆ ಊರೇ ಅವಳ ಜೊತೆ ಜಗಳ ತೆಗೆಯಿತು. ನಲ್ಲಿಯ ಹತ್ತಿರ ಅವಳ ಬಿಂದಿಗೆಯನ್ನು ಸರದಿಯಿಂದ ಹಿಂದಕ್ಕೆ ತಳ್ಳಿದರು. ಆಮೇಲೆ ಪಾಪ ಅನ್ನಿಸಿ ತುಂಬಿಸಿ ಮನೆಯವರೆಗೆ ಹೊತ್ತುಕೊಟ್ಟರು. ಹಾಲಮ್ಮನ ಮನೆಯಲ್ಲಿ ನಡೆದ ಜಗಳಕ್ಕೆ ನಾನೇ ಸಾಕ್ಷಿ.

"ಅಕ್ಕ, ನಿನ್ನ ಸಾರು ಸಪ್ಪೆ" ಎಂದಳು ಹೆಲ್ಗಾ, ಎದುರಿಗೆ ಕುಳಿತು, ದೊಡ್ಡ ಗಂಟಲಿನಲ್ಲಿ.

"ನೀನು ಹೆಣೆದ ಸ್ವೆಟರು ಹಸೂಗೂ ಆಗಲ್ಲ" ಎಂದಳು ಹಾಲಮ್ಮ. ಅದನ್ನು ಅವಳು ಹಾಕಿಕೊಂಡಿದ್ದಳು. ಬೇಸಿಗೆ, ಬೆವರು ಇಳಿಯುತ್ತಿತ್ತು.

"ನೀನು ತುಂಬ ಮಾತಾಡ್ತೀಯ."

"ನೀನು ಉಣ್ಣೋದೇ ಇಲ್ಲ. ಬಂದಾಗಿಂದ ಹಂಗೇ ಇದೀಯ, ಕಡ್ಡಿ. ನಿಮ್ಮ ಊರಿಗೆ ಹೋದ ಮೇಲೆ ಯಾರು ನೋಡ್ಕೋತಾರೆ ನಿನ್ನ? ಅಲ್ಲಿ ಮುಷ್ಕರ. ಕಾಯೋರೇ ಇಲ್ಲದ ಮೇಲೆ ನಿನ್ನ ರೈಲು ನಿಲ್ಲೋದಾದ್ರೂ ಹೆಂಗೆ..." ಜಗಳ ಅಲ್ಲಿಗೆ ಕೆಟ್ಟಿತು. ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಅತ್ತರು. ನಾನು ತಲೆ ಕೆರೆದುಕೊಂಡು ಹೊರಗೆ ಬಂದೆ.

ಆ ದಿನ ಬಂತು. ಕೈ ಎದ್ದೇಳದಿರಲಿ ಎಂದು ಎಲ್ಲರೂ ಎರಡೂ ಕೈ ತುಂಬ ಏನಾದರೂ ಹೊತ್ತುಕೊಂಡು ಸ್ಟೇಷನ್ನಿಗೆ ಬರಬೇಕೆಂದು ನಾನು ಹೇಳಿದ್ದೆ. ಜೀವಮಾನದಲ್ಲಿ ಒಮ್ಮೆ ನನ್ನ ಮಾತು ನಡೆಯಿತು. ಹೆಂಗಸರು ಬಿಂದಿಗೆ, ಮೊರ, ಒರಳುಗುಂಡು ತಂದಿದ್ದರು. ಕ್ಷೌರಿಕ ಹೊನ್ನೂರಪ್ಪ ಅಂಗಡಿಯ ಕನ್ನಡಿಯನ್ನೇ ಅಪ್ಪಿಕೊಂಡು ಬಂದಿದ್ದ. ನಾನು ಕುರ್ಚಿ ಹೊತ್ತಿದ್ದೆ. ಪ್ಲಾಟ್‌ಫಾರಂ ನೋಡಿದರೆ ಇಡೀ ಊರು ಮನೆ ಖಾಲಿ ಮಾಡುತ್ತಿರುವಂತಿತ್ತು. ಮೊದಲ ಡಬ್ಬಿಯ ಕಿಟಕಿಯಿಂದ ದೊಡ್ಡ ಅಧಿಕಾರಿ ತಲೆ ಹೊರಹಾಕಿ ನೋಡುತ್ತಿದ್ದರು. ನಿರಂಜನ ಸಾಹೇಬರು ಗಡಿಯಾರದ ಕೆಳಗೆ ನಿಂತಿದ್ದರು. ಅವರ ಮುಖದಲ್ಲಿ ಸಣ್ಣ ನಗು.

ಗಾರ್ಡು ಸೀಟಿ ಊದಿದ. ಯಾರೂ ಅಲುಗಲಿಲ್ಲ, ಗಾಡಿಯೂ ಅಲುಗಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈಯಿರಲಿಲ್ಲ. ಹಾಲಮ್ಮನ ಕೈಯಲ್ಲಿ ಬುತ್ತಿಯ ಗಂಟು. ಅದನ್ನು ಕಿಟಕಿಯಲ್ಲಿ ಹೆಲ್ಗಾಳಿಗೆ ಕೊಟ್ಟಳು. ಕೊಟ್ಟ ಮೇಲೆ ಅವಳ ಎರಡೂ ಕೈ ಬರಿದಾದವು. ಇದನ್ನು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಅವಳ ಬಲಗೈ ಮೇಲಕ್ಕೆ ಹೋಗತೊಡಗಿತು. ಎಡಗೈಯಿಂದ ಅದನ್ನು ಹಿಡಿದಳು, ಎಡಗೈಯೂ ಜೊತೆಗೇ ಏರಿತು. ಆಯುಷ್ಯವೆಲ್ಲ ಊರಿಗೆ ಬಂದವರನ್ನು ಕಳಿಸಿದ ಕೈ ಅದು, ಅದಕ್ಕೆ ಪರೀಕ್ಷೆ ಗಿರೀಕ್ಷೆ ಏನು ಗೊತ್ತು? ಗಾಡಿ ನರಳಿದ ಹಾಗೆ ಸದ್ದು ಮಾಡಿತು.

"ನನ್ನ ಕೈಲಾಗಲ್ಲ!" ಎಂದು ಕೂಗಿದವಳೇ ಹಾಲಮ್ಮ ಏರುತ್ತಿದ್ದ ಕೈಯಿಂದಲೇ ಬಾಗಿಲ ಕಂಬಿ ಹಿಡಿದು ಗಾಡಿ ಹತ್ತಿಬಿಟ್ಟಳು. "ಕಳಿಸೋಕೆ ಆಗಲ್ಲ, ಜೊತೇಲೇ ಹೋಗ್ತೀನಿ!"

ಈಗ ನಮ್ಮ ಗತಿ ನೋಡಿ. ಹೆಲ್ಗಾ ಹೋಗುವುದನ್ನು ಹೇಗೋ ತಡೆದುಕೊಂಡಿದ್ದೆವು. ಹಾಲಮ್ಮನೂ ಹೋದರೆ? "ನಾನೂ ಬಂದೆ ಹಾಲಕ್ಕ" ಎಂದು ಹೊನ್ನೂರಪ್ಪ ಕನ್ನಡಿ ಸಮೇತ ಹತ್ತಿದ. ಅವನನ್ನು ಬಿಟ್ಟಿರಲಾರದೆ ಅವನ ಹೆಂಡತಿ, ಅವಳ ಹಿಂದೆ ನೆರೆಮನೆಯವರು, ಅವರ ಹಿಂದೆ ನಲ್ಲಿಯ ಸರದಿಯವರು. ಬಿಂದಿಗೆ, ಮೊರ, ಒರಳುಗುಂಡು ಎಲ್ಲ ಒಳಗೆ ಹೋದವು. ಯಾರ ಕೈಯೂ ಬೀಸಲು ಏಳುವ ಮೊದಲೇ ಎಲ್ಲರೂ ಗಾಡಿಯೊಳಗಿದ್ದರು. ಕೊನೆಗೆ ನಾನು ಕುರ್ಚಿಗಳನ್ನು ಒಳಗೆ ತಳ್ಳಿ ಹತ್ತಿದೆ. ತಿರುಗಿ ನೋಡಿದರೆ ಪ್ಲಾಟ್‌ಫಾರಂ ಮೇಲೆ ನಿರಂಜನ ಸಾಹೇಬರು ಒಬ್ಬರೇ.

ಅವರಿಗೆ ಮೊದಲು ಅರ್ಥವಾಗಲಿಲ್ಲ. ಆ ಕಡೆ ಈ ಕಡೆ ನೋಡಿದರು. ಹಿಂದೆ ಊರು ಖಾಲಿ, ಒಂದು ಮನೆಯಲ್ಲೂ ಹೊಗೆಯಿಲ್ಲ. ಮುಂದೆ ಕಿಟಕಿಗಳ ತುಂಬ ನಮ್ಮ ಮುಖಗಳು. ಅಷ್ಟರಲ್ಲಿ ಹಾಲಮ್ಮ ಕಿಟಕಿಗೆ ಬಂದಳು. ಇದರಲ್ಲಿ ಯಾವ ಉಪಾಯವೂ ಇರಲಿಲ್ಲ ಎಂದು ಅವಳು ಇವತ್ತಿಗೂ ಆಣೆ ಮಾಡುತ್ತಾಳೆ.

"ಸಾಹೇಬ್ರೇ, ಮೊಸರನ್ನ ನಿಮ್ಮ ಮೇಜಿನ ಮೇಲೆ ಮುಚ್ಚಿಟ್ಟಿದೀನಿ. ಹುಳಿಯಾಗೋದ್ರೊಳಗೆ ಉಣ್ಣಿ. ನೀರು ಕಾಯಿಸಿ ಕುಡೀರಿ. ಒಬ್ಬರೇ ಇರ್ತೀರ, ಬಾಗಿಲು ಭದ್ರ ಮಾಡ್ಕೊಳ್ಳಿ."

ಸಾಹೇಬರ ಮುಖದ ನಗು ಎಲ್ಲಿ ಹೋಯಿತೋ. ಕರ್ಚೀಫಿಗೆಂದು ಜೇಬಿಗೆ ಹಾಕಿದ್ದ ಕೈ ಹೊರಗೆ ಬಂತು, ಭುಜದ ತನಕ ಏರಿತು, ತಲೆಯ ಮೇಲಕ್ಕೆ ಹೋಯಿತು. ಮೊದಲು ಅಡ್ಡಾದಿಡ್ಡಿ, ಆಮೇಲೆ ಸರಿಯಾಗಿ, ಅವರು ಬೀಸಿದರು. ಗಾಡಿ ಹೊರಟಿತು.

ಮುಂದಿನ ಹಾಲ್ಟು ದೂರವಿಲ್ಲ. ಗಾಡಿ ಅಲ್ಲಿ ನಿಂತಾಗ ದೊಡ್ಡ ಅಧಿಕಾರಿ ಕೆಳಗಿಳಿದರು. ನಾನು ಅವರಿಗೊಂದು ಕುರ್ಚಿ ಹಾಕಿದೆ. ಅವರು ಕುಳಿತು, "ಇದು ಕೈ ಬೀಸೋರಿಲ್ಲದೆ ಹೊರಟ ಗಾಡಿ ಅಲ್ಲ. ನಾನೇ ಕಣ್ಣಾರೆ ನೋಡಿದೆ, ಬೀಸಿದೋರು ಕಂಪನಿಯ ಸಂಬಳದ ನೌಕರರೇ" ಎಂದರು. ಮಾರಾಟ ನಿಂತಿತು. ಸದ್ಯಕ್ಕೆ ಎಂಬ ಮಾತನ್ನು ಅವರು ಸೇರಿಸಿದರು, ಅಧಿಕಾರಿಗಳು ಸೇರಿಸಿಯೇ ಸೇರಿಸುತ್ತಾರೆ. ನಾನು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡೆ, ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರೂ ಬಿಂದಿಗೆ, ಮೊರ ಕೆಳಗಿಟ್ಟು ಹೆಲ್ಗಾಳ ಕಿಟಕಿಯ ಮುಂದೆ ಸೇರಿದ್ದರು. ಮುಷ್ಕರ ಮುಗಿದಿತ್ತು. ಹಾಲಮ್ಮ ಕೈ ಎತ್ತಿದಳು, ಇಡೀ ಊರು ಕೈ ಎತ್ತಿತು. ಅಷ್ಟು ದಿನ ತಡೆದಿಟ್ಟಿದ್ದನ್ನೆಲ್ಲ ಒಟ್ಟಿಗೆ ಬೀಸಿದೆವು. ಆ ಗಾಡಿ ಅಷ್ಟು ಜೋರಾಗಿ ಹೋಗಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ನಿನ್ನ ರೈಲು ನಿಲ್ಲೋ ತನಕ ನಾನು ಇಲ್ಲಿಂದ್ಲೇ ಕಾಯ್ತೀನಿ" ಎಂದು ಹಾಲಮ್ಮ ಕೂಗಿದ್ದು ಹೆಲ್ಗಾಳಿಗೆ ಕೇಳಿಸಿತಂತೆ. ಆಮೇಲೆ ಸುದ್ದಿ ಬಂತು. ಹಿಮದ ದೇಶದಲ್ಲಿ ಕಂಪನಿ ಇನ್ನೂ ಬಗ್ಗಿರಲಿಲ್ಲ, ಅಲ್ಲಿ ಮುಷ್ಕರ ನಡೆದೇ ಇತ್ತು. ಹೆಲ್ಗಾಳ ಊರಿನ ಸ್ಟೇಷನ್ನಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಅವಳು ಕೂತಿದ್ದ ಅಲ್ಲಿನ ಗಾಡಿ ನಿಂತಿತಂತೆ.

ನಾವು ಹಳಿಯ ಪಕ್ಕದಲ್ಲಿ ನಡೆದುಕೊಂಡು ಊರಿಗೆ ಹಿಂತಿರುಗಿದೆವು. ಒರಳುಗುಂಡು ತಂದವರು ನನ್ನನ್ನು ದಾರಿಯುದ್ದಕ್ಕೂ ಬೈದರು. ಮಾವಿನ ಮರ ದಾಟಿ ಸ್ಟೇಷನ್ನು ಕಾಣುವ ಹೊತ್ತಿಗೆ ಬಿಸಿಲು ಇಳಿದಿತ್ತು. ಪ್ಲಾಟ್‌ಫಾರಂ ಮೇಲೆ ನಿರಂಜನ ಸಾಹೇಬರು ಬಿಟ್ಟಲ್ಲೇ ನಿಂತಿದ್ದರು. ಬಲಗೈ ಸೋತು ಜೋಲುತ್ತಿತ್ತು, ಎಡಗೈಯಿಂದ ಅದನ್ನು ಮೊಣಕೈಯ ಹತ್ತಿರ ಎತ್ತಿ ಹಿಡಿದು ಇನ್ನೂ ಬೀಸುತ್ತಿದ್ದರು. ಅಂಗಿಯ ಇಸ್ತ್ರಿ ಪೂರ್ತಿ ಮುದುರಿಹೋಗಿತ್ತು. ನಮಗೆ ನಗು ಬಂತು. ಆದರೆ ಅವರ ಮುಖ ನೋಡಿ ಯಾರೂ ನಗಲಿಲ್ಲ.

ಹಾಲಮ್ಮ ಹತ್ತಿರ ಹೋಗಿ ಅವರ ಕೈ ಹಿಡಿದು ಮೆಲ್ಲಗೆ ಇಳಿಸಿದಳು. "ಸಾಕು ಬಿಡಿ ಸಾಹೇಬ್ರೇ. ಕೊನೇ ಡಬ್ಬಿ ಮಾವಿನ ಮರ ದಾಟಿದ್ರೆ ಮುಗೀತು."

"ಯಾವಾಗ ಇಳಿಸಬೇಕು ಅಂತ ನನಗೆ ಗೊತ್ತಿರಲಿಲ್ಲ" ಎಂದರು ಅವರು. "ನಡುವೆ ನಿಲ್ಲಿಸಿದ್ರೆ ನೀವೆಲ್ಲ ದಾರೀಲಿ ಸಿಕ್ಕಿಹಾಕ್ಕೋತೀರೇನೋ ಅಂತ..."

"ಮೊಸರನ್ನ?"

ಇಲ್ಲ ಎಂದು ತಲೆಯಾಡಿಸಿದರು. ಹಾಲಮ್ಮ ದಾರಿಯಲ್ಲಿ ಹೊತ್ತುಕೊಟ್ಟಿದ್ದ ಯಾರದೋ ಮೊರವನ್ನು ನನ್ನ ಕುರ್ಚಿಗಳ ಮೇಲೆ ಹೇರಿ, ಅವರನ್ನು ಕರೆದುಕೊಂಡು ಊಟಕ್ಕೆ ಹೋದಳು.